ಕೀಡಿಗೆ ಅಡುಗೆ ಮಾಡುವ ತಾಯವ್ವ

ತಾಯವ್ವ ಏನು ಕೆಲಸ ಮಾಡುತ್ತಾಳೆ ಎಂದು ಶಲವಡಿಯಲ್ಲಿ ಯಾರನ್ನೇ ಕೇಳಿ, ಮೊದಲು ನಗುತ್ತಾರೆ, ಆಮೇಲೆ ಹೇಳುತ್ತಾರೆ: “ಅಕಿ ಕೀಡಿ ಸಾಕತಾಳ್ರಿ.”

ಸುಳ್ಳೇನಲ್ಲ. ಕುರಿ ಸಾಕುವವರಿದ್ದಾರೆ, ಎಮ್ಮೆ ಸಾಕುವವರಿದ್ದಾರೆ, ತಾಯವ್ವ ಕೀಡಿ ಸಾಕುತ್ತಾಳೆ. ಕೀಡಿ ಎಂದರೆ ಕಡಲೆ ಗಿಡದ ಕಾಯಿಗೆ ತಲೆ ತೂರಿಸಿ ಒಳಗಿನ ಕಾಳನ್ನು ತಿಂದು ಹೋಗುವ ಹಸಿರು ಹುಳ. ಅಣ್ಣಿಗೇರಿ, ನವಲಗುಂದದ ಎರೆಹೊಲಗಳ ರೈತರೆಲ್ಲ ಚಳಿಗಾಲ ಪೂರ್ತಿ ಈ ಹುಳವನ್ನು ಕೊಲ್ಲುವುದರಲ್ಲೇ ಕಳೆಯುತ್ತಾರೆ. ಅವರಲ್ಲಿ ತಾಯವ್ವನ ಗಂಡ ಭೀಮಶಿಯೂ ಒಬ್ಬ. ಗಂಡ ಬೆಳಿಗ್ಗೆ ಎದ್ದು ಹೊಲದ ಕೀಡಿಗೆ ಶಾಪ ಹಾಕುತ್ತ ಹೋಗುತ್ತಾನೆ. ಹೆಂಡತಿ ಅದೇ ಹೊತ್ತಿಗೆ ಕೀಡಿಗೆ ಅಡುಗೆ ಮಾಡಲು ಬಸ್ಸು ಹತ್ತುತ್ತಾಳೆ.

ನಾನು ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಆ ಬಸ್ಸಿನಲ್ಲಿ ತಾಯವ್ವ ನನಗೆ ದಿನದ ಜೊತೆ. ಈಗ ಹೇಳುವುದನ್ನೆಲ್ಲ ಅವಳ ಬಾಯಿಂದಲೂ ಕೇಳಿದ್ದೇನೆ, ಭೀಮಶಿಯ ಬಾಯಿಂದಲೂ ಕೇಳಿದ್ದೇನೆ. ಬೆಕ್ಕಿನ ವಿಷಯ ಒಂದನ್ನು ಬಿಟ್ಟರೆ ಇಬ್ಬರ ಮಾತೂ ಹೊಂದುತ್ತದೆ.

ಅಣ್ಣಿಗೇರಿಯಿಂದ ಗದಗಿನ ಕಡೆ ಹೋಗುವ ರಸ್ತೆಯಲ್ಲಿ ಒಂದು ಹಳೆಯ ಜಿನ್ನಿಂಗ್ ಫ್ಯಾಕ್ಟರಿ ಇದೆ. ಹತ್ತಿಯಿಂದ ಬೀಜ ಬಿಡಿಸುವ ಯಂತ್ರಗಳು ನಿಂತು ಎಷ್ಟೋ ವರ್ಷವಾಯಿತು. ಅದರ ಮುಂದಿನ ಎರಡು ಕೋಣೆಗಳಲ್ಲಿ ಡಾಕ್ಟರ್ ಊರ್ಮಿಳಾ ಒಂದು ಸಣ್ಣ ಕೀಟ ಪ್ರಯೋಗಶಾಲೆ ನಡೆಸುತ್ತಾರೆ. ಅವರು ಮನುಷ್ಯರ ಡಾಕ್ಟರಲ್ಲ, ಹುಳುಗಳ ನರಮಂಡಲವನ್ನು ಓದಿ ಡಾಕ್ಟರಾದವರು. ಯಾವ ಕೀಟನಾಶಕ ಯಾವ ಹುಳಕ್ಕೆ ಹತ್ತುತ್ತದೆ, ಎಷ್ಟಕ್ಕೆ ಹತ್ತುತ್ತದೆ ಎಂದು ಪರೀಕ್ಷಿಸುವುದು ಅವರ ಕೆಲಸ. ಪರೀಕ್ಷೆಗೆ ಹುಳ ಬೇಕು, ಹುಳಕ್ಕೆ ಊಟ ಬೇಕು, ಊಟಕ್ಕೆ ಅಡುಗೆಯವರು ಬೇಕು. ಆಗ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದ ತಾಯವ್ವನಿಗೆ ಯಾರೋ ಹೇಳಿದ್ದು ಇಷ್ಟೇ: “ಅಣ್ಣಿಗೇರ್‍ಯಾಗ ಒಬ್ಬ ಮೇಡಂರಿಗೆ ಅಡಿಗಿಗೆ ಹೆಣಮಗಳು ಬೇಕಂತ.”

ಹೋದಳು. ಊರ್ಮಿಳಾ ಕೂಡಿಸಿ ಚಹಾ ಕೊಟ್ಟು ಕೇಳಿದರು:

“ಎಷ್ಟು ಮಂದಿಗೆ ಅಡಿಗಿ ಮಾಡಿ ರೂಢಿ ಅದನವಾ?”

“ಇನ್ನೂರು ಹುಡುಗರಿಗೆ ಮಾಡೇನ್ರಿ.”

“ಇಲ್ಲೆ ಒಮ್ಮೊಮ್ಮೆ ಸಾವಿರ ದಾಟ್ತಾವ.”

ತಾಯವ್ವ ಸುತ್ತ ನೋಡಿದಳು. ಎರಡೇ ಕೋಣೆ. ದೊಡ್ಡ ಪಾತ್ರೆ ಇಲ್ಲ, ಒಲೆ ಇಲ್ಲ, ಮನುಷ್ಯರ ಸುಳಿವೂ ಇಲ್ಲ.

“ಸಾವಿರ ಮಂದಿ ಎಲ್ಲಿ ಕುಂದರತಾರ್ರೀ?”

ಊರ್ಮಿಳಾ ಒಳಕೋಣೆಯ ಬಾಗಿಲು ತೆರೆದು ತೋರಿಸಿದರು. ಗೋಡೆಗುಂಟ ರ್‍ಯಾಕುಗಳು, ರ್‍ಯಾಕಿನ ತುಂಬ ಹೆಬ್ಬೆರಳಿನಷ್ಟು ಎತ್ತರದ ಪ್ಲಾಸ್ಟಿಕ್ ಬಟ್ಟಲುಗಳು, ಒಂದೊಂದರಲ್ಲಿ ಒಂದೊಂದು ಹಸಿರು ಕೀಡಿ.

“ಒಂದ ಕಡೆ ಕೂಡಿ ಇಟ್ಟರ ಒಂದನ್ನ ಒಂದು ತಿಂತಾವ. ಅದಕ್ಕ ಬ್ಯಾರೆ ಬ್ಯಾರೆ ಇಡೂದು.”

ತಾಯವ್ವ ಒಂದು ಬಟ್ಟಲಿಗೆ ಬಗ್ಗಿ ನೋಡಿ, “ಅಣ್ಣತಮ್ಮರು ಬ್ಯಾರೆ ಆದಂಗ ಆತು ಬಿಡ್ರಿ,” ಎಂದಳು. ಕೆಲಸ ಸಿಕ್ಕಿತು.

ಕೀಡಿಯ ಅಡುಗೆ ಹೀಗೆ: ಕಡಲೆ ಹಿಟ್ಟು, ಯೀಸ್ಟ್, ವಿಟಮಿನ್ ಪುಡಿ, ಬೂಷ್ಟು ಹಿಡಿಯದಂತೆ ಇನ್ನೊಂದು ಪುಡಿ. ಅಗರ್ ಎಂಬ ಸಮುದ್ರಪಾಚಿಯ ಪುಡಿಯನ್ನು ನೀರಲ್ಲಿ ಕುದಿಸಿ, ಅದಕ್ಕೆ ಇದನ್ನೆಲ್ಲ ಹಾಕಿ ತಿರುವಿ, ಬಿಸಿ ಇರುವಾಗಲೇ ಬಟ್ಟಲಿಗೆ ಹೊಯ್ಯಬೇಕು. ಆರಿದ ಮೇಲೆ ವಡಿಯ ಹಾಗೆ ಗಟ್ಟಿಯಾಗುತ್ತದೆ. ಮೊದಲ ದಿನ ತಾಯವ್ವ ಬೆರಳ ತುದಿಗೆ ಹಚ್ಚಿಕೊಂಡು ನೆಕ್ಕಿಬಿಟ್ಟಳು.

“ಏ, ಏನ ಮಾಡ್ತೀಯವಾ! ಲ್ಯಾಬಿನಾಗ ಏನೂ ಬಾಯಿಗೆ ಹಾಕಬಾರದು!”

“ರುಚಿ ನೋಡದ ಹೆಂಗ ಬಡಸೂದ್ರಿ? ಥೇಟ್ ಕಡ್ಲಿಹಿಟ್ಟಿನ ಜುಣಕಾ ಐತ್ರಿ. ಉಪ್ಪು ಖಾರ ಒಂದಿಲ್ಲ.”

ಮನೆಯಲ್ಲಿ ಅತ್ತೆ ಲಕ್ಷ್ಮವ್ವನಿಗೆ ಈ ಕೆಲಸ ಮನಸ್ಸಿಗೆ ಬರಲಿಲ್ಲ. “ಸಾಲಿ ಹುಡುಗರಿಗೆ ಉಣಿಸಿದ್ರ ಪುಣ್ಯೇರ ಬರ್ತಿತ್ತು. ಕೀಡಿಗೆ ಉಣಿಸಿದ್ರ ಏನ್ ಬರ್ತೈತಬೇ?”

“ಪಗಾರ ಬರ್ತೈತ್ರಿ ಅತ್ತಿ.”

ದಿನ ಕಳೆದಂತೆ ತಾಯವ್ವನಿಗೆ ಕೀಡಿಗಳ ಸ್ವಭಾವ ತಿಳಿಯಿತು. ಬ್ರಶ್ಶಿನಿಂದ ಮುಟ್ಟಿದರೆ ತಲೆ ಎತ್ತಿ ಸಿಟ್ಟಾಗುವುದು, ಪೊರೆ ಬಿಡುವ ಮೊದಲು ಊಟ ಬಿಟ್ಟು ಮಂಕಾಗುವುದು, ಎಲ್ಲ ಗುರುತಾಯಿತು. ಅವುಗಳ ಮೇಲೆ ಪ್ರೀತಿ ಬಂತು ಎಂದರೆ ಹೆಚ್ಚಾದೀತು, ಆದರೆ ಬಸ್ಸು ತಡವಾದ ದಿನ ನನ್ನ ಪಕ್ಕದಲ್ಲಿ ಕೂತು ಚಡಪಡಿಸುತ್ತಿದ್ದಳು: “ಹಸದಿರ್ತಾವ್ರಿ ಟೀಚರ.”

ಊರ್ಮಿಳಾ ಅವಳಿಗೆ ಇನ್ನೊಂದು ಸಂಗತಿ ಕಲಿಸಿದ್ದರು. ಹೊಲದಲ್ಲಿ ಅಡ್ಡಡ್ಡ ನಡೆದು, ಅಲ್ಲಲ್ಲಿ ಕೂತು, ಸಾಲಿನಲ್ಲಿ ಕೀಡಿ ಎಷ್ಟಿವೆ ನೋಡಬೇಕು. ಒಂದೆರಡು ಕಂಡರೆ ಸುಮ್ಮನಿರಬೇಕು, ಹೆಚ್ಚಾದರೆ ಮಾತ್ರ ಔಷಧ. ನಮ್ಮ ಕಡೆ ಹೊಲದ ಔಷಧಕ್ಕೆ ಎಣ್ಣಿ ಎನ್ನುತ್ತಾರೆ. ತಾಯವ್ವ ಗಂಡನಿಗೆ ಹೇಳಿದಳು: “ಈ ವರ್ಷ ನಾ ನೋಡಿ ಹೂಂ ಅಂದ ಮ್ಯಾಲೆ ಎಣ್ಣಿ ಹೊಡೀರಿ. ಅಲ್ಲಿತನಕ ಪಂಪ್ ಮುಟ್ಟಬ್ಯಾಡ್ರಿ.”

ಭೀಮಶಿ ಹೂಂ ಎಂದ. ಮನೆಯಲ್ಲಿ ಶಾಂತಿ ಇರಲಿ ಎಂದು ಅಂದದ್ದು ಅದು.

ಆದರೆ ಬದುವಿನ ಆಚೆಗೆ ಮಂಜಪ್ಪನ ಹೊಲ. ಒಂದು ಬೆಳಿಗ್ಗೆ ಮಂಜಪ್ಪ ಪೆಟ್ರೋಲ್ ಪಂಪನ್ನು ಬೆನ್ನಿಗೆ ಹಾಕಿಕೊಂಡು ಗುರ್ರೆಂದು ಎಣ್ಣಿ ಹೊಡೆಯುವುದಕ್ಕೆ ಶುರು ಮಾಡಿದ. ಬಾಜು ಹೊಲದಲ್ಲಿ ಪಂಪ್ ಕೂಗುವಾಗ ಕೈಕಟ್ಟಿ ಕೂಡುವುದು ಎರೆಹೊಲದ ರೈತನಿಂದ ಆಗದ ಮಾತು. ಅವನ ಕೀಡಿಯೆಲ್ಲ ಓಡಿ ನಮ್ಮ ಹೊಲಕ್ಕೇ ಬರುತ್ತವೆ ಎಂದು ಭೀಮಶಿಗೆ ಒಳಗೊಳಗೇ ಸುಡತೊಡಗಿತು. ಮರುದಿನ ಹೆಂಡತಿ ಬಸ್ಸು ಹತ್ತಿದ್ದೇ ತಡ, ಗೌರೀಶನ ಔಷಧದ ಅಂಗಡಿಗೆ ಹೋಗಿ ಒಂದು ಪಾಕೀಟು ತಂದ. ಮಧ್ಯಾಹ್ನದೊಳಗೆ ಇಡೀ ಹೊಲಕ್ಕೆ ಹೊಡೆದು, ಪಂಪ್ ತೊಳೆದು, ಏನೂ ಆಗದವನ ಹಾಗೆ ಕಟ್ಟೆಯ ಮೇಲೆ ಕೂತ.

ಅದೇ ಸಂಜೆ ತಾಯವ್ವ ಮನೆಗೆ ಬರುವ ದಾರಿಯಲ್ಲಿ ಹೊಲದ ಹತ್ತಿರ ಇಳಿದಳು. ಕಡಲೆ ಗಿಡದ ಕುಡಿ ಚಿವುಟಿದರೆ ಗಿಡ ಕವಲೊಡೆದು ಹರಡುತ್ತದೆ, ಚಿವುಟಿದ ಕುಡಿ ಪಲ್ಯಕ್ಕಾಗುತ್ತದೆ. ಬೆರಳೆಲ್ಲ ಹುಳಿಹುಳಿಯಾಗುವಷ್ಟು ಚಿವುಟಿದಳು. ಈ ಹೊಸ ಕಾಲದ ಎಣ್ಣಿಗೆ ಹಳೆಯದರ ಹಾಗೆ ಮೂಗು ಸುಡುವ ವಾಸನೆ ಇಲ್ಲ. ಆರಿದ ಮೇಲೆ ಎಲೆಯ ಮೇಲೆ ಗುರುತೂ ಇಲ್ಲ. ಅರ್ಧ ಕುಡಿ ಮನೆಗೆ. ಇನ್ನರ್ಧವನ್ನು ಹಸಿ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಳು. ಹುಟ್ಟಿದಾಗಿನಿಂದ ಬೇಯಿಸಿದ ಹಿಟ್ಟನ್ನೇ ತಿಂದ ಆ ಬಟ್ಟಲ ಕೀಡಿಗಳು ಒಂದು ದಿನವಾದರೂ ಖರೇ ಕಡಲೆಯ ಎಲೆ ಕಾಣಲಿ ಎಂದು ಅವಳ ಆಸೆ. ಊರ್ಮಿಳಾ ಸಂಬಂಧಿಕರ ಮದುವೆಗೆಂದು ಹುಬ್ಬಳ್ಳಿಗೆ ಹೋಗಿದ್ದರು. ಕೇಳಬೇಕೆಂದು ತಾಯವ್ವನಿಗೆ ಹೊಳೆಯಲಿಲ್ಲ.

ಊಟದ ಹೊತ್ತಿಗೆ ಭೀಮಶಿ ಕೈಕಾಲು ತೊಳೆದುಕೊಂಡು ಬಂದ.

“ಏನ್ ಪಲ್ಲೆ ಮಾಡಿ?”

“ನಮ್ಮ ಹೊಲದ್ದ ಕಡ್ಲಿ ಪಲ್ಲೆ. ಈಗಷ್ಟ ಚೂಟಗೊಂಡ ಬಂದೇನಿ.”

ಅವನು ಪಲ್ಯದ ಪಾತ್ರೆ ನೋಡಿದ. ಹೇಳಿದರೆ ಕೊಟ್ಟ ಮಾತು ಮುರಿದದ್ದು ಬಯಲಾಗುತ್ತದೆ, ಹೇಳದಿದ್ದರೆ ಅವ್ವ, ಹೆಂಡತಿ ಇಬ್ಬರೂ ತಿನ್ನುತ್ತಾರೆ. ತಾಯವ್ವ ರೊಟ್ಟಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಪಲ್ಯದ ಪಾತ್ರೆ ನೆಲದ ಮೇಲೆ ಬೋರಲು ಬಿದ್ದಿತ್ತು.

“ಬೆಕ್ಕು! ಈಗ ಹಿಂಗ ಜಿಗದು ಹೋತು!” ಭೀಮಶಿ ಕಿಟಕಿಯ ಕಡೆ ಕೈ ತೋರಿಸಿದ.

“ನಮ್ಮ ಓಣ್ಯಾಗ ಬೆಕ್ಕ ಎಲ್ಲೈತೋ?” ಎಂದಳು ಲಕ್ಷ್ಮವ್ವ.

“ಹೊಸಾದು ಬಂದೈತಬೇ ಯವ್ವಾ.”

ಎಲ್ಲರೂ ಗುರೆಳ್ಳು ಚಟ್ನಿ, ಮೊಸರು ಹಚ್ಚಿಕೊಂಡು ರೊಟ್ಟಿ ತಿಂದರು. ಚೀಲದಲ್ಲಿದ್ದ ಉಳಿದ ಕುಡಿಯ ಸುದ್ದಿ ಭೀಮಶಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ತಾಯವ್ವ ಒಂದು ರ್‍ಯಾಕಿನ ಬಟ್ಟಲುಗಳಿಗೆಲ್ಲ ಎರಡೆರಡು ಕುಡಿ ಹಾಕಿದಳು. ಕೀಡಿಗಳು ಮುಗಿಬಿದ್ದು ತಿಂದವು. ತಿನ್ನುವ ಸಣ್ಣ ಕಿರಕಿರ ಸದ್ದು ಕೇಳಿ ಅವಳಿಗೆ ಖುಷಿಯಾಯಿತು. ಮಧ್ಯಾಹ್ನ ಬಂದು ನೋಡಿದರೆ ಸದ್ದಿಲ್ಲ. ಕೀಡಿಗಳು ಎಣ್ಣೆಯಲ್ಲಿ ನೆಂದ ಬತ್ತಿಯ ಹಾಗೆ ಉದ್ದಕ್ಕೆ ಬಿದ್ದಿದ್ದವು. ಬ್ರಶ್ಶಿನಿಂದ ಮುಟ್ಟಿದರೆ ತಲೆ ಎತ್ತಲಿಲ್ಲ, ಸುರುಳಿಯಾಗಲಿಲ್ಲ. ಪಕ್ಕದ ರ್‍ಯಾಕಿನಲ್ಲಿ ಹಿಟ್ಟಿನ ಊಟ ತಿಂದವು ಮಾತ್ರ ಚೆನ್ನಾಗಿಯೇ ಇದ್ದವು. ತಾಯವ್ವ ಊರ್ಮಿಳಾ ಅವರಿಗೆ ಫೋನ್ ಮಾಡಿದಳು.

“ಮೇಡಂರ, ಕೀಡಿ ಸತ್ತಾವೋ ಮಲಗ್ಯಾವೋ ಒಂದೂ ತಿಳಿವಲ್ದು.”

ಊರ್ಮಿಳಾ ಮದುವೆ ಸೀರೆಯಲ್ಲೇ ಬಂದರು. ಒಂದು ಕೀಡಿಯನ್ನು ಅಂಗೈಯಲ್ಲಿಟ್ಟು ನೋಡಿ, “ವಿಷ ಹತ್ತೇದ. ಏನ ಹಾಕಿದಿ?” ಎಂದರು. ತಾಯವ್ವ ಇದ್ದದ್ದು ಇದ್ದ ಹಾಗೆ ಹೇಳಿದಳು.

“ನನ್ನ ಒಂದ ಮಾತು ಕೇಳಬಾರದೇನು? ಮುಂದಿನ ವಾರದ ಪರೀಕ್ಷಾಕ್ಕ ಇಟ್ಟ ಹುಳಾ ಇವು! ಇನ್ನ ಮೊದಲಿಂದ ಸುರು ಮಾಡಬೇಕಲ್ಲ!” ಅವರ ದನಿ ಏರಿತು. ತಾಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೈಯುತ್ತ ಬೈಯುತ್ತ ಊರ್ಮಿಳಾ ಥಟ್ಟನೆ ನಿಂತರು.

“ತಾಯವ್ವ, ಆ ಕುಡಿ ನೀವೂ ತಿಂದೀರೇನು?”

“ಇಲ್ರೀ. ಪಲ್ಲೆ ಮಾಡಿದ್ದೆ, ಬೆಕ್ಕು ಕೆಡವಿತು…” ಅನ್ನುತ್ತಿದ್ದ ತಾಯವ್ವನ ಬಾಯಿ ಅರ್ಧಕ್ಕೇ ನಿಂತಿತು. ನಂತರ ನಿಧಾನವಾಗಿ ಅಂದಳು: “ಬೆಕ್ಕಲ್ರೀ ಅದು. ನನ್ನ ಗಂಡ.”

ಅಲ್ಲಿಂದಲೇ ಫೋನ್ ಹಚ್ಚಿದಳು.

“ಏನ್ರೀ, ಹೊಲಕ್ಕ ಎಣ್ಣಿ ಹೊಡದೀರೇನು?”

“ಯಾರ ಹೇಳಿದ್ರು?”

“ಕೀಡಿ ಹೇಳ್ಯಾವ. ಪಾಕೀಟ ತಗೊಂಡು ಈಗಿಂದೀಗ ಇಲ್ಲಿ ಬರ್ರಿ.”

ಭೀಮಶಿ ಬೈಕ್ ಮೇಲೆ ಬಂದ. ಬೈಗುಳ ತಿನ್ನುವುದಕ್ಕೆ ಹೋಗುವಾಗಲೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಊರ್ಮಿಳಾ ಪಾಕೀಟಿನ ಹಿಂದಿನ ಸಣ್ಣ ಅಕ್ಷರ ಓದಿ, “ಎಮಾಮೆಕ್ಟಿನ್. ನಾ ಅಂದ್ಕೊಂಡಿದ್ದು ಖರೇ,” ಎಂದು ತಲೆಯಾಡಿಸಿದರು. ಅವರು ಬೈಯಲಿಲ್ಲ. ತಾಯವ್ವನಿಗೆ ಬೈದು ಮುಗಿಸಿದ್ದರು, ಅದಕ್ಕೆ ಅವರಿಗೇ ಕೆಡುಕೆನಿಸಿತ್ತು. “ಬರ್ರಿ ಭೀಮಶಿ, ಕುಂದರ್ರಿ. ನಿಮ್ಮ ಎಣ್ಣಿ ಏನ ಮಾಡ್ತದ ಅಂತ ಕೇಳಸ್ತೇನಿ,” ಎಂದರು.

“ತೋರಸ್ತೇನಿ ಅಂದ್ರೇನ್ರಿ?”

“ಅಲ್ಲ, ಕೇಳಸ್ತೇನಿ.”

ಪ್ರಯೋಗಶಾಲೆಯ ಮೂಲೆಯ ಡ್ರಮ್ಮಿನಲ್ಲಿ ಜಿರಳೆಗಳನ್ನೂ ಸಾಕಿದ್ದರು. ಒಂದನ್ನು ತೆಗೆದು ಮಂಜುಗಡ್ಡೆಯಲ್ಲಿಟ್ಟು, ಅದರ ಎಚ್ಚರ ತಪ್ಪಿದ ಮೇಲೆ ಊರ್ಮಿಳಾ ಹೊಟ್ಟೆಯ ಭಾಗ ಬಿಡಿಸಿದರು. ಒಳಗೆ ಬಿಳಿ ದಾರದ ಎಳೆಯಂಥ ನರ. ಅದಕ್ಕೆ ಕೂದಲಿನಷ್ಟು ಸಣ್ಣ ತಂತಿ ತಾಗಿಸಿ, ತಂತಿಯನ್ನು ಒಂದು ಪೆಟ್ಟಿಗೆಗೆ, ಪೆಟ್ಟಿಗೆಯನ್ನು ಸ್ಪೀಕರಿಗೆ ಜೋಡಿಸಿದರು.

“ಚಪ್ಪಲಿ ಎತ್ತಿದ ಕೂಡ್ಲೆ ಜಿರಳಿ ಹೆಂಗ ತಪ್ಪಿಸ್ಕೊಂತದ, ಗೊತ್ತದೇನು?”

“ಕಣ್ಣ ಅಗದಿ ಚುರುಕ ಇರ್ತಾವ್ರಿ,” ಎಂದ ಭೀಮಶಿ.

“ಕಣ್ಣಲ್ಲ. ಹಿಂಭಾಗದಾಗ ಎರಡು ಸಣ್ಣ ಮೀಸಿ ಅದಾವ ನೋಡ್ರಿ. ಚಪ್ಪಲಿಗಿಂತ ಮೊದಲ ಅದರ ಗಾಳಿ ಬಂದು ಆ ಮೀಸಿಗೆ ಬಡೀತದ. ಹಗೂರಕ ಊದ್ರಿ.”

ಭೀಮಶಿ ಬಗ್ಗಿ ಊದಿದ. ಸ್ಪೀಕರಿನಿಂದ ಕಾದ ಬಾಣಲೆಯಲ್ಲಿ ಜೋಳದ ಅರಳು ಸಿಡಿದ ಹಾಗೆ ಚಟಚಟ ಸದ್ದು ಬಂತು. ಅವನು ಹೆದರಿ ಹಿಂದೆ ಸರಿದ. ನಿಂತಿತು. ಮತ್ತೆ ಊದಿದ, ಮತ್ತೆ ಚಟಚಟ. ಹಬ್ಬದಲ್ಲಿ ಪೀಪಿ ಸಿಕ್ಕ ಹುಡುಗನ ಹಾಗೆ ಊದಿದ್ದೇ ಊದಿದ್ದು.

“ಸಾಕ್ರಿ, ಅದಕ್ಕೂ ದಣಿವಾಗ್ತದ,” ಎಂದು ಊರ್ಮಿಳಾ ನಕ್ಕರು. “ಈಗ ಕೇಳಿದ್ದು ನರದೊಳಗಿನ ಸುದ್ದಿ. ಮೀಸಿಯ ನರ ಹೊಟ್ಟಿ ಒಳಗಿನ ದೊಡ್ಡ ನರಕ್ಕ ಗಾಳಿ ಬಂತು ಅಂತ ಹೇಳ್ತದ. ಆದ್ರ ಎರಡೂ ನರ ಒಂದಕ್ಕೊಂದು ತಾಗಿಲ್ಲ. ನಡುವ ಒಂದು ಸಂದಿ ಅದ. ಈಚಿನ ನರ ಆ ಸಂದಿಯೊಳಗ ಒಂದು ರಸ ಬಿಡ್ತದ. ಆಚಿನ ನರದ ಮ್ಯಾಲೆ ಅದನ್ನ ಹಿಡಕೊಳ್ಳೋ ಬಾಗಲಾ ಅದಾವ. ರಸ ಬಂದು ಕೂಡ್ತಂದ್ರ ಬಾಗಲಾ ತೆರೀತದ, ಸುದ್ದಿ ಮುಂದ ಹೋಗ್ತದ. ಪುಸ್ತಕದಾಗ ಅಂಥಾ ಬಾಗಲಾಕ್ಕ ಗ್ರಾಹಕ ಅಂತಾರ.”

“ಗ್ರಾಹಕ ಅಂದ್ರ ಗಿರಾಕಿ ಅಲ್ರೀ?”

“ಗಿರಾಕಿ ಅಂತನ ತಿಳಕೋರಿ. ತನಗ ಬೇಕಾದ ಮಾಲು ಬಿಟ್ಟು ಬ್ಯಾರೆ ಮುಟ್ಟದ ಗಿರಾಕಿ. ನೀವು ಹತ್ತಿ ಗಿಡದ ಹೇನಿಗೆ ಎಣ್ಣಿ ಹೊಡೀತೀರಲ್ಲ, ಅದು ಥೇಟ್ ಆ ರಸದ್ದ ವೇಷ ಹಾಕ್ಕೊಂಡು ಬರ್ತದ. ಖರೇ ರಸ ಆದ್ರ ಕೆಲಸ ಮುಗಿದ ಕೂಡ್ಲೆ ಮೈ ಅದನ್ನ ಒಡದು ತೆಗೀತದ. ಈ ವೇಷದಾವನ್ನ ಒಡೀಲಿಕ್ಕೆ ಬರೂದಿಲ್ಲ. ಬಾಗಲಾ ತೆರದದ್ದು ತೆರದ ಇರ್ತದ. ಈಗ ಕೇಳ್ರಿ.”

ಅವರು ಆ ಔಷಧವನ್ನು ಬಹಳ ನೀರು ಬೆರೆಸಿ ತೆಳ್ಳಗೆ ಮಾಡಿ, ಒಂದು ಹನಿ ನರದ ಮೇಲೆ ಬಿಟ್ಟರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಯಾರೂ ಊದದೇ ಚಟಚಟ ಶುರುವಾಯಿತು. ಹೆಚ್ಚಾಯಿತು, ಇನ್ನೂ ಹೆಚ್ಚಾಯಿತು, ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಕೋಣೆ ತುಂಬಿತು. ತಾಯವ್ವ ಕಿವಿ ಮುಚ್ಚಿಕೊಂಡಳು. ನಂತರ ಸದ್ದು ಬಿಡಿಬಿಡಿಯಾಗಿ, ಕುಂಟುತ್ತ, ನಿಂತುಹೋಯಿತು.

“ಈಗ ಊದ್ರಿ.”

ಭೀಮಶಿ ಊದಿದ. ಏನೂ ಕೇಳಲಿಲ್ಲ. ಜೋರಾಗಿ ಊದಿದ. ಸ್ಪೀಕರ್ ಸುಮ್ಮನಿತ್ತು. ಅವನು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡು ಕೂತ.

ಇನ್ನೊಂದು ಜಿರಳೆಯ ನರದ ಮೇಲೆ ಅವನು ತಂದ ಪಾಕೀಟಿನ ಎಣ್ಣಿಯ ಹನಿ ಬಿತ್ತು. ಈ ಸಲ ಗದ್ದಲವೇ ಇಲ್ಲ. ಊದಿದರೆ ಚಟಚಟ ಬಂತು, ಮತ್ತೆ ಊದಿದಾಗ ಕಮ್ಮಿ, ಸ್ವಲ್ಪ ಹೊತ್ತು ಬಿಟ್ಟು ಊದಿದಾಗ ಅದೂ ಇಲ್ಲ.

“ಇದು ಒದ್ದಾಡಲೇ ಇಲ್ಲಲ್ರೀ,” ಎಂದಳು ತಾಯವ್ವ.

“ಇಲ್ಲ. ನರಕ್ಕ ಏಳು ಅನ್ನೋ ಬಾಗಲಾ ಇದ್ದಂಗ, ಸುಮ್ಮನಿರು ಅನ್ನೋ ಬಾಗಲಾನೂ ಅದಾವ. ಎರಡೂ ಇದ್ದರನ ಹುಳಾ ನೆಟ್ಟಗ ನಡೀತದ. ಈ ಎಣ್ಣಿ ಸುಮ್ಮನಿರು ಅನ್ನೋ ಬಾಗಲಾ ತೆರದು ಹಿಡದುಬಿಡ್ತದ.”

“ಎತ್ತಿಗೆ ಹೋ ಅಂದು ನಿಲ್ಲಿಸಿದಂಗ. ಹೋ ಅನ್ನೂದು ಮಾತ್ರ ನಿಲ್ಲೂದ ಇಲ್ಲ,” ಎಂದಳು ತಾಯವ್ವ.

“ಹೌದು ನೋಡು. ಕಾಲು ನಿಲ್ತಾವ, ಬಾಯಿನೂ ನಿಲ್ತದ. ಅದಕ್ಕ ನಿನ್ನ ಕೀಡಿ ಬತ್ತಿ ಹಂಗ ಬಿದ್ದಾವ. ಇನ್ನ ಅವು ಏಳೂದಿಲ್ಲ.”

ಭೀಮಶಿ ಕುರ್ಚಿಯ ತುದಿಗೆ ಬಂದ. “ಮೇಡಂರ, ನಮ್ಮ ಮೈಯಾಗೂ ಈ ಬಾಗಲಾ ಅದಾವೇನ್ರಿ?”

“ಕೀಡಿಗೆ ಇರೋ ಅಂಥಾದ್ದು ನಮಗಿಲ್ಲ. ಆದ್ರ ಅದರ ಸಂಬಂಧಿಕರು ನಮ್ಮ ಮಿದುಳಿನಾಗ ಅದಾರ. ಅಲ್ಲಿಗೆ ಕಾವಲು ಇರೂದರಿಂದ ಸಣ್ಣ ಪ್ರಮಾಣ ಒಳಗ ಹೋಗೂದು ಕಷ್ಟ. ಹಂಗಂತ ಪಲ್ಲೆದಾಗ ಹಾಕ್ಕೊಂಡು ತಿನ್ನೂದಲ್ಲ. ಪಾಕೀಟಿನ ಮ್ಯಾಲೆ ಎಷ್ಟು ದಿನ ಬಿಟ್ಟು ಕೀಳಬೇಕು ಅಂತ ಬರದಿರ್ತಾರ. ನಿನ್ನೆ ಆ ಬೆಕ್ಕು ಒಂದ ಕೆಲಸ ಮಾತ್ರ ಛಲೋ ಮಾಡೇದ.”

ತಾಯವ್ವ ಗಂಡನನ್ನು ನೋಡಿದಳು. ಸಿಟ್ಟು ಇತ್ತು, ಅದರ ಜೊತೆಗೆ ನಗುವೂ ಬರುತ್ತಿತ್ತು. “ಹೇಳಿದ್ರ ನಾ ಏನ್ ನಿಮ್ಮನ್ನ ನುಂಗತಿದ್ನೇನ್ರಿ?” ಎಂದಳು. ಅದಕ್ಕೆ ಅವನು ಕೊಟ್ಟ ಉತ್ತರವನ್ನು ಇಬ್ಬರೂ ನನಗೆ ಹೇಳಿಲ್ಲ.

ಆದರೆ ಏಳುವಾಗ ಅವನೊಂದು ಮಾತು ಕೇಳಿದ. “ಇಲ್ಲೆ ನಿಮ್ಮ ಕೀಡಿ ಒಂದ ತುತ್ತಿಗೆ ಬಿದ್ದಾವ. ನಾನು ನಿನ್ನೆ ಹೊಡದೇನಿ, ಇವತ್ತು ಮುಂಜಾನೆ ನೋಡಿದ್ರ ಹೊಲದಾಗ ಅರ್ಧ ಕೀಡಿ ಇನ್ನೂ ಮೇಯಾಕ ಹತ್ಯಾವ. ಹಂಗ್ಯಾಕ್ರಿ?”

ಊರ್ಮಿಳಾ ಕೈಗವಸು ತೆಗೆಯುತ್ತಿದ್ದವರು ನಿಂತರು. ಹಾಳಾದ ಪರೀಕ್ಷೆ ಅವರಿಗೆ ಮರೆತೇಹೋಯಿತು. “ಅರ್ಧ? ಖರೇನ ಅರ್ಧ? ನಡೀರಿ, ಹೊಲಕ್ಕ ಹೋಗೂಣು.”

ಮದುವೆಯ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊರ್ಮಿಳಾ, ಅವರ ಹಿಂದೆ ಬಟ್ಟಲುಗಳ ಬುಟ್ಟಿ ಹಿಡಿದು ತಾಯವ್ವ, ಅವಳ ಹಿಂದೆ ಭೀಮಶಿ. ಮೂವರೂ ಬಿಸಿಲು ಇಳಿಯುವ ತನಕ ಕಡಲೆ ಸಾಲಿನಲ್ಲಿ ಕೀಡಿ ಆರಿಸಿದರು. ಲಕ್ಷ್ಮವ್ವ ಮನೆಯಿಂದ ಚಹಾ ತಂದವಳು ತಾನೂ ಕೂತು ಆರಿಸಿದಳು. ಬದುವಿನ ಮೇಲೆ ನಿಂತ ಮಂಜಪ್ಪ, “ಏನೋ ಭೀಮಶಿ, ಕೀಡಿ ಕಳವಾಗ್ಯಾವೇನು?” ಎಂದು ಕೂಗಿದ. ಭೀಮಶಿ ತಲೆ ಎತ್ತದೆ ಇನ್ನೊಂದು ಕೀಡಿಯನ್ನು ಬಟ್ಟಲಿಗೆ ಹಾಕಿದ.

ಆ ಕೀಡಿಗಳನ್ನು ತಾಯವ್ವ ಬೇರೆ ರ್‍ಯಾಕಿನಲ್ಲಿ ಸಾಕಿದಳು. ಅವು ಕೋಶ ಕಟ್ಟಿ, ಪತಂಗವಾಗಿ, ಮೊಟ್ಟೆಯಿಟ್ಟು, ಮರಿಗಳು ಬಂದ ಮೇಲೆ ಊರ್ಮಿಳಾ ಎರಡೂ ಮನೆತನಗಳಿಗೆ ಒಂದೇ ಅಳತೆಯ ಎಣ್ಣಿ ಕೊಟ್ಟು ನೋಡಿದರು. ಪ್ರಯೋಗಶಾಲೆಯವು ಎಲ್ಲ ಬಿದ್ದವು. ಭೀಮಶಿಯ ಹೊಲದವುಗಳಲ್ಲಿ ಸುಮಾರು ಅರ್ಧದಷ್ಟು ತಮ್ಮ ಕಾಲ ಮೇಲೆ ನಿಂತಿದ್ದವು.

“ನನ್ನ ಕೀಡಿ ಎಣ್ಣಿ ಕಂಡಿದ್ದಿಲ್ಲ,” ಎಂದು ಊರ್ಮಿಳಾ ಗಂಡಹೆಂಡತಿಗೆ ತಿಳಿಸಿದರು. “ನಿಮ್ಮ ಹೊಲದಾವು ವರ್ಷಾ ವರ್ಷಾ ಅದನ್ನ ಕಂಡಾವ. ಯಾವುದರ ಬಾಗಲಾ ಹುಟ್ಟುತ್ತನ ಸ್ವಲ್ಪ ಸೊಟ್ಟ ಇತ್ತೋ, ಇಲ್ಲಾ ಯಾವುದು ವಿಷ ಬಾಗಲಾ ಮುಟ್ಟೂದರೊಳಗ ಅರಗಿಸ್ಕೊಂತೋ, ಅದು ಉಳೀತು. ಉಳದಾವು ಮರಿ ಮಾಡಿದ್ವು. ಇಷ್ಟರ ಮ್ಯಾಲೆ ಎಲ್ಲಾ ಊರಾಗೂ ಹಂಗ ಅದ ಅಂತ ಹೇಳ್ಲಿಕ್ಕೆ ಬರೂದಿಲ್ಲ. ನಿಮ್ಮ ಹೊಲದ್ದು ಮಾತ್ರ ಹೌದು.”

“ಆದ್ರ ನಾ ಪ್ರತಿ ವರ್ಷ ಬ್ಯಾರೆ ಎಣ್ಣಿ ಹೊಡದೇನಲ್ರೀ!” ಎಂದ ಭೀಮಶಿ. ಮನೆಯ ಅಟ್ಟದಲ್ಲಿ ಬಿದ್ದಿದ್ದ ಹಳೆಯ ಖಾಲಿ ಪಾಕೀಟುಗಳನ್ನು ತಂದು ಹರವಿದ. ಒಂದರ ಮೇಲೆ ಹುಲಿ, ಒಂದರ ಮೇಲೆ ಸಿಡಿಲು, ಒಂದರ ಮೇಲೆ ಗದೆ. ಹಿಂದೆ ಸಣ್ಣ ಅಕ್ಷರದಲ್ಲಿ ಮೂರರ ಮೇಲೂ ಒಂದೇ ಹೆಸರು. ಮೂರು ವರ್ಷ ಒಂದೇ ಬಾಗಿಲು ತಟ್ಟಿದ್ದ.

ಪಾಕೀಟು ಹಿಡಿದು ಸೀದಾ ಗೌರೀಶನ ಅಂಗಡಿಗೆ ಜಗಳಕ್ಕೆ ಹೋದ. ಗೌರೀಶ ಮೂರನ್ನೂ ತಿರುವಿ ತಿರುವಿ ನೋಡಿ, “ಭೀಮಶಿ ಅಣ್ಣಾ, ದೊಡ್ಡ ಅಕ್ಷರ ನೀನೂ ಓದ್ತಿ, ನಾನೂ ಓದ್ತೇನಿ. ಸಣ್ಣ ಅಕ್ಷರಕ್ಕ ಇಬ್ಬರಿಗೂ ಚಷ್ಮಾ ಬೇಕು ನೋಡು,” ಎಂದ. ಜಗಳಕ್ಕೆಂದು ಹೋದವನು ಚಹಾ ಕುಡಿದು ಬಂದ. ಆಮೇಲೆ ಇಬ್ಬರೂ ಸೇರಿ ಅಂಗಡಿಯ ಕಪಾಟನ್ನೇ ಬೇರೆ ಥರ ಜೋಡಿಸಿದರಂತೆ: ಒಂದೇ ಬಾಗಿಲಿಗೆ ಹೋಗುವವೆಲ್ಲ ಒಂದೇ ಖಾನೆಗೆ. ಅದು ಮುಗಿಯುವ ಹೊತ್ತಿಗೆ ತುಂಬಿದ್ದ ಕಪಾಟಿನಲ್ಲಿ ಉಳಿದದ್ದು ಕೆಲವೇ ಖಾನೆ. “ನಾ ಇಷ್ಟ ಸಣ್ಣ ಅಂಗಡಿ ಇಟ್ಟೇನಂತ ನನಗ ಗೊತ್ತಿದ್ದಿಲ್ಲ,” ಎಂದು ಗೌರೀಶ ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಆ ವರ್ಷ ಭೀಮಶಿ ಅದೇ ಎಣ್ಣಿಯನ್ನು ಮತ್ತೆ ಹೊಡೆಯಲಿಲ್ಲ. ಹಕ್ಕಿ ಕೂತು ಕೀಡಿ ಹೆಕ್ಕಲಿ ಎಂದು ಹೊಲದ ತುಂಬ ಕವಲು ಕಟ್ಟಿಗೆ ನಿಲ್ಲಿಸಿದ. ಕಾಯಿ ಕಟ್ಟುವಾಗ ಕೀಡಿ ಹೆಚ್ಚಾದವು. ತಾಯವ್ವ ನೋಡಿ ಹೂಂ ಅಂದಳು, ಬೇರೆ ಖಾನೆಯ ಔಷಧ ಒಂದು ಸಲ ಹೊಡೆದ. ಫಸಲು ಮಂಜಪ್ಪನಷ್ಟೇ ಬಂತು, ಹೆಚ್ಚೇನಲ್ಲ. ಮಂಜಪ್ಪ ಮಾತ್ರ ಪಂಪ್ ಹೊತ್ತು ಹೊತ್ತು ಬೆನ್ನು ನೋವೆಂದು ಮಲಗಿದ್ದ.

ಪ್ರಯೋಗಶಾಲೆಯಲ್ಲಿ ಹೊಲದ ಕೀಡಿಗಳ ಸಂತಾನ ಈಗಲೂ ಇದೆ. ಊರ್ಮಿಳಾ ಅದಕ್ಕೆ ‘ಶಲವಡಿ’ ಎಂದೇ ಹೆಸರಿಟ್ಟಿದ್ದಾರೆ. ಅದು ಕಟ್ಟೆಯ ಮೇಲೆ ಸುದ್ದಿಯಾಗಿ, ಉಳಿದ ಊರುಗಳಿಗೂ ಹಬ್ಬಿ, ಮುಂದಿನ ಚಳಿಗಾಲಕ್ಕೆ ನಮ್ಮ ಬಸ್ಸಿನ ಗತಿ ಬೇರೆಯಾಯಿತು. ದಾರಿಯ ಊರುಗಳ ರೈತರು ಡಬ್ಬಿಯಲ್ಲಿ, ಗುಟಕಾ ಡಬ್ಬದಲ್ಲಿ, ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿ ಕೀಡಿ ತುಂಬಿಕೊಂಡು ಬಂದು ತಾಯವ್ವನ ಮಡಿಲಿಗೆ ಹಾಕತೊಡಗಿದರು. “ನಮ್ಮ ಹೊಲದಾವ ಬಾಗಲಾ ಹೆಂಗದಾವ ನೋಡಿಸಬೇ ತಂಗಿ.”

“ಕೀಡಿಗೆ ಟಿಕೀಟ ಇಲ್ಲ. ಆದ್ರ ಮುಚ್ಚಳಾ ಗಟ್ಟಿ ಇರ್ಲಿ,” ಎನ್ನುತ್ತಿದ್ದ ಕಂಡಕ್ಟರ್.

ಗಟ್ಟಿ ಇರಲಿಲ್ಲ. ಒಂದು ದಿನ ಎಮ್ಮೆ ಅಡ್ಡ ಬಂತೆಂದು ಚಾಲಕ ಬ್ರೇಕ್ ಹಾಕಿದ್ದಕ್ಕೆ ಮೂರು ಡಬ್ಬಿ ಒಟ್ಟಿಗೇ ಬಿದ್ದು ತೆರೆದುಕೊಂಡವು. ನನ್ನ ಸೀರೆಯ ಮೇಲೆ ಕೀಡಿ, ಸೀಟಿನ ಕೆಳಗೆ ಕೀಡಿ, ಯಾರದೋ ಟೋಪಿಯ ಮೇಲೆ ಕೀಡಿ. ಹೊಲದಲ್ಲಾಗಿದ್ದರೆ ಹೊಸಕಿ ಹಾಕುತ್ತಿದ್ದ ಅದೇ ಮಂದಿ, “ತುಳಿಬ್ಯಾಡ್ರಿ, ತುಳಿಬ್ಯಾಡ್ರಿ!” ಎಂದು ಕಿರುಚುತ್ತ ಮೊಣಕಾಲೂರಿ ಒಂದೊಂದನ್ನೇ ಆರಿಸಿ, ಸಿಕ್ಕ ಸಿಕ್ಕ ಡಬ್ಬಿಗೆ ತುಂಬಿದರು. ತುಂಬಿದ ಡಬ್ಬಿಗಳನ್ನು ಹೆಮ್ಮೆಯಿಂದ ತಾಯವ್ವನ ಕೈಗೆ ಕೊಟ್ಟರು.

ತಾಯವ್ವ ಡಬ್ಬಿಯೊಳಗೆ ಇಣುಕಿ ಹಣೆ ಬಡಿದುಕೊಂಡಳು.

“ಮೂರೂ ಊರಿನಾವ ಕೂಡಿಸಿಬಿಟ್ರಲ್ಲಾ! ಇನ್ನ ಯಾವುದು ಯಾರ ಹೊಲದ್ದು ಅಂತ ನಾ ಏನ್ ಅವನ್ನ ಕೇಳ್ಲೇನು? ನಾಳೆ ಹೊಸಾವ ತಗೊಂಡ ಬರ್ರಿ.”

ಮರುದಿನ ಎಲ್ಲ ಡಬ್ಬಿಗೂ ಟೇಪು ಸುತ್ತಿತ್ತು.